ಸಂಬಂಧ: ಊರಿನವರು

ಮೆಡಿಕಲ್ ಓದಲು ಹೋದ ಮೊದಲ ವರ್ಷ ನನ್ನ ತಂಗಿ, ಒಂದು ಭಾನುವಾರ ಬಂದು ಹೋಗು ಎಂದು ನನ್ನನ್ನು ಕರೆದಳು. ಬರುತ್ತೇನೆ ಎಂದೆ. ಹೋಗಲಿಲ್ಲ. ಅವಳು ಕಾಲೇಜಿನ ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಬೆಳಿಗ್ಗೆ ಹತ್ತರಿಂದ ದೀಪ ಹಚ್ಚುವ ಹೊತ್ತಿನವರೆಗೆ ಕೂತಿದ್ದಳು. ಇದನ್ನು ನನಗೆ ಹೇಳಿದವಳು ಅವಳಲ್ಲ. ಆ ಸಂಜೆ ಅವಳ ಪಕ್ಕ ಬಂದು ಕೂತ ಒಬ್ಬರು ಹೇಳಿದರು. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಅವರು ತೀರಿಕೊಂಡರು. ಅವರ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಕೂತರೆ ಮೊದಲು ನನ್ನ ತಪ್ಪೇ ಅಡ್ಡ ಬರುತ್ತದೆ. ಅದನ್ನು ಬದಿಗೆ ಸರಿಸಿ ಅವರನ್ನು ನೋಡಲು ನನಗೆ ಬರುವುದಿಲ್ಲ.

ಅವರು ಆ ಕಾಲೇಜಿನಲ್ಲಿ ಅಟೆಂಡರ್ ಆಗಿದ್ದರು. ಹೆಣ ಕೊಯ್ದು ಪಾಠ ಹೇಳುವ ಹಾಲ್ ಇರುತ್ತದಲ್ಲ, ಅದರ ಬೀಗದ ಕೈ ಮೂವತ್ತಕ್ಕೂ ಹೆಚ್ಚು ವರ್ಷ ಅವರ ಸೊಂಟದಲ್ಲಿತ್ತು. ಊರು ಸೊರಬದಿಂದ ಆಚೆ ಒಂದು ಹಳ್ಳಿ. ಕಾಲೇಜು ಇರುವುದು ದಕ್ಷಿಣದ ಕಡೆ, ನಮ್ಮಿಂದ ಐದಾರು ಗಂಟೆಯ ದಾರಿ. ನಾಲ್ಕನೇ ಕ್ಲಾಸು ಓದಿ ಆ ಊರಿಗೆ ಹೋದವರು ರಿಟೈರ್ ಆದ ಮೇಲೆ ಹಳ್ಳಿಗೆ ವಾಪಸ್ಸು ಬಂದಿದ್ದರು. ಕುಳ್ಳಗಿದ್ದರು. ಅಂಗಿಯ ಮೇಲಿನ ಗುಂಡಿಯನ್ನೂ ಹಾಕುತ್ತಿದ್ದರು. ನಸ್ಯ ಸೇದುವ ಅಭ್ಯಾಸವಿತ್ತು. ಆ ಹಾಲ್ ಒಳಗಿನ ಔಷಧಿಯ ವಾಸನೆ ಮೂಗಿಗೆ ಹತ್ತದಿರಲಿ ಎಂದು ಶುರು ಮಾಡಿದ್ದಂತೆ, ಆಮೇಲೆ ಬಿಡಲು ಆಗಲಿಲ್ಲವಂತೆ.

ಅವರು ಚಮಚದಲ್ಲಿ ಉಣ್ಣುತ್ತಿದ್ದರು. ಅನ್ನವಿರಲಿ ಗಂಜಿಯಿರಲಿ, ಕೈ ತಟ್ಟೆಗೆ ತಾಗಿಸುತ್ತಿರಲಿಲ್ಲ. ದೋಸೆಯಾದರೆ ಹೆಂಡತಿ ಮುರಿದು ಸಾರಿಗೆ ಹಾಕಿ ಕೊಡಬೇಕು. ಆಯಮ್ಮ ನನ್ನ ಮುಂದೆಯೇ ದೂರುತ್ತಿದ್ದರು.

"ಈ ಮನುಷ್ಯ ಕೈಯಲ್ಲಿ ಉಂಡಿದ್ದು ನಾ ಕಾಣೆ. ಮದುವೆ ಊಟಕ್ಕೂ ಜೇಬಲ್ಲಿ ಚಮಚ ಇಟ್ಕಂಡು ಹೋಗಾರು. ನನ್ನ ತವರಿನ ಕಡೆಯೋರು ಇವರನ್ನ ದೊಡ್ಡ ಆಫೀಸರ್ ಅಂದ್ಕಂಡಿದ್ರು."

"ಆಫೀಸರೇ ಮತ್ತೆ," ಎಂದು ಅವರು ಚಮಚ ಎತ್ತಿ ತೋರಿಸುತ್ತಿದ್ದರು. "ಇಡೀ ಕಾಲೇಜಲ್ಲಿ ನನ್ನ ಹಾಲಲ್ಲಿ ಇದ್ದೋರು ಮಾತ್ರ ಎದುರು ಮಾತಾಡ್ತಿರಲಿಲ್ಲ."

ತಮಾಷೆ ಅಷ್ಟಕ್ಕೇ ನಿಲ್ಲುತ್ತಿತ್ತು. ಹೆಣ ಎಂಬ ಮಾತನ್ನು ಅವರ ಬಾಯಲ್ಲಿ ನಾನು ಕೇಳಲಿಲ್ಲ. ಹಿರಿಯರು ಎನ್ನುತ್ತಿದ್ದರು. ಬೆಳಿಗ್ಗೆ ಬಾಗಿಲು ತೆಗೆದು, ದೀಪ ಹಾಕಿ, "ಬೆಳಗಾಯ್ತು ಹಿರಿಯರೆ" ಎಂದು ಹೇಳಿಯೇ ಒಳಗೆ ಕಾಲಿಡುತ್ತಿದ್ದರಂತೆ. ಒಮ್ಮೆ ಯಾರೋ ದೊಡ್ಡವರ ಮಗ ಆ ಮೇಜಿನ ಎದುರು ನಿಂತು ಏನೋ ಪೋಲಿ ಮಾತಾಡಿ ನಕ್ಕನಂತೆ. ಇವರು ಅವನ ತೋಳು ಹಿಡಿದು ಹೊರಗೆ ಬಿಟ್ಟು ಬಾಗಿಲು ಹಾಕಿಕೊಂಡರು. ಅದಕ್ಕೆ ಮೇಲಿನವರಿಂದ ಬೈಸಿಕೊಂಡೂ ಆಯಿತು. ಹೇಳುವಾಗ ಬೇಸರವೇನೂ ಇರಲಿಲ್ಲ. "ಬೈದ್ರು. ನಾನು ಕೇಳಿಸ್ಕಂಡೆ. ಮಾರನೇ ದಿನ ಅವನೂ ಬಾಯಿ ಮುಚ್ಕಂಡು ಬಂದ," ಎಂದರು.

ನಾನು ಅವರನ್ನು ಕಂಡದ್ದು ಎರಡೂವರೆ ವರ್ಷ, ತಿಂಗಳಿಗೆ ಎರಡು ಸಲ. ನನ್ನದು ದನದ ಕೆಲಸ. ಅಂಬ್ಲಿಗೊಳದ ಕಾಲುವೆಯ ಕೆಳಗೆ ನಮ್ಮ ಮನೆ. ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ಹೋದರು. ಶಾಲೆ ಬಿಟ್ಟು ಹಸುಗಳನ್ನು ನೋಡಿಕೊಂಡೆ. ಈಗ ಜೊತೆಗೆ ಒಂದು ಸಣ್ಣ ಗೂಡ್ಸ್ ಗಾಡಿ ಇಟ್ಟುಕೊಂಡು ಶಿಕಾರಿಪುರದಿಂದ ಸೊರಬದ ಕಡೆಯ ಅಂಗಡಿಗಳಿಗೆ ಹಿಂಡಿ, ಬೂಸಾ ಹಾಕುತ್ತೇನೆ. ತಂಗಿ ಈಗ ಡಾಕ್ಟರು. ಓದಿದ ಊರಿನಲ್ಲೇ ಒಂದು ಆಸ್ಪತ್ರೆಯಲ್ಲಿದ್ದಾಳೆ. ಒಂದು ದಿನ ಫೋನಿನಲ್ಲಿ ಹೇಳಿದಳು. "ಅಣ್ಣ, ಸೊರಬದ ಕಡೆ ಹೋಗ್ತೀಯಲ್ಲ. ಅಲ್ಲಿ ನಮ್ಮ ಕಾಲೇಜಿನ ದೊಡ್ಡಪ್ಪ ಇದಾರೆ. ಕಾಲು ಬಾತ್ಕೊಂಡಿದೆಯಂತೆ, ಸಕ್ಕರೆ ಕಾಯಿಲೆ ಬೇರೆ. ಮಾತ್ರೆ ಬರೆದು ಕಳಿಸ್ತೀನಿ, ಕೊಟ್ಟು, ಕಾಲು ಹೆಂಗೈತಿ ನೋಡಿ ಹೇಳ್ತೀಯಾ?"

ಕಾಲೇಜಿನ ಎಲ್ಲ ಹುಡುಗರೂ ಅವರನ್ನು ಅಣ್ಣ ಎಂದು ಕರೆಯುತ್ತಿದ್ದರಂತೆ. ನನ್ನ ತಂಗಿ ಮಾತ್ರ ದೊಡ್ಡಪ್ಪ ಎನ್ನುತ್ತಿದ್ದಳು. ಅಣ್ಣ ಎಂದು ಕರೆಯಲು ಯಾಕೆ ಮನಸ್ಸು ಬರಲಿಲ್ಲ ಎಂದು ನಾನು ಅವಳನ್ನು ಕೇಳುವ ಹಾಗಿಲ್ಲ.

ಮೊದಲ ದಿನ ಮಾತ್ರೆಯ ಪೊಟ್ಟಣ ಹಿಡಿದು ಅವರ ಜಗುಲಿಯ ಮುಂದೆ ನಿಂತೆ. ಅವರು ಕಾಲನ್ನು ಮಣೆಯ ಮೇಲೆ ನೀಡಿಕೊಂಡು ಕೂತಿದ್ದರು.

"ಎಂತ ಮಾರಾಯ, ಅಂಗಳದಲ್ಲೇ ನಿಂತೆ. ಹತ್ತು ಮೇಲೆ."

"ಡಾಕ್ಟ್ರು ಮಾತ್ರೆ ಕಳಿಸ್ಯಾರ್ರೀ."

"ಹೌದನಾ. ಅವಳಿಗೆ ನೀನು ಎಂತ ಆಗ್ಬೇಕು?"

ಬಾಯಿಗೆ ಬಂದದ್ದು ಸುಳ್ಳು. "ಏನಿಲ್ರೀ. ನಾನು ಗಾಡಿಯವ್ನು. ಈ ಕಡೆ ಹಿಂಡಿ ಹಾಕಾಕೆ ಬರ್ತೀನಿ."

ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಮತ್ತೇನೂ ಕೇಳಲಿಲ್ಲ. ಹೆಂಡತಿಯನ್ನು ಕೂಗಿ ಚಾ ಮಾಡಲು ಹೇಳಿದರು.

ಅಂದಿನಿಂದ ನಾನು ಅವರ ಮನೆಯಲ್ಲಿ ಗಾಡಿಯವನು. ಪ್ರತಿ ಸಲ ಹೋದಾಗಲೂ ಚಾ ಬರುತ್ತಿತ್ತು, ಅದರ ಜೊತೆಗೆ ಒಂದು ಕತೆ. ನನ್ನ ತಂಗಿಯ ಕತೆಯನ್ನು ನಾನು ಕೇಳಿಸಿಕೊಂಡದ್ದು ಹೀಗೆ, ಬೇರೆ ಯಾರದೋ ಮನೆಯ ಹುಡುಗಿಯ ವಿಷಯ ಕೇಳುವ ಹಾಗೆ ತಲೆ ಆಡಿಸುತ್ತಾ.

ಆ ಭಾನುವಾರ ಅವರು ದೇಹಗಳನ್ನು ಕೆಡದಂತೆ ಮುಳುಗಿಸಿಡುವ ಔಷಧಿಯ ತೊಟ್ಟಿ ನೋಡಿಕೊಂಡು ಹೋಗಲು ಬಂದಿದ್ದರು. ಒಳಗೆ ಹೋಗುವಾಗ ಬೆಂಚಿನ ಮೇಲೆ ಒಂದು ಹುಡುಗಿ. ಊಟ ಮಾಡಿ ವಾಪಸ್ಸು ಬರುವಾಗಲೂ ಅಲ್ಲೇ. ಸಂಜೆ ಬೀಗ ಹಾಕಿ ಹೊರಟಾಗಲೂ ಅಲ್ಲೇ. ತಲೆ ಬಾಚಿ ಹೂ ಮುಡಿದಿದ್ದಳು. ಹೂ ಬಾಡಿತ್ತು.

"ಯಾರನ್ನ ಕಾಯ್ತಿದೀಯ ಮಗಾ, ಅಂದೆ. ಅಣ್ಣ ಬರ್ತಾನ್ರೀ, ಅಂದ್ಲು. ಆ 'ರೀ' ಕೇಳಿ ನಂಗೆ ಊರಿನ ನೆನಪಾಯ್ತು. ಯಾವ ಕಡೆ ನೀನು? ಶಿಕಾರಿಪುರದ ಕಡೆ. ನಾನು ಸೊರಬ. ಅಷ್ಟೇ ಮಾರಾಯ ಹೇಳಿದ್ದು. ಬೆಳಗಿಂದ ತಡ್ಕಂಡಿದ್ದು ಬಂದೇಬಿಡ್ತು ಅವಳಿಗೆ."

ಅಳುವ ಹುಡುಗರನ್ನು ಅವರು ತುಂಬಾ ನೋಡಿದ್ದರು. ಪ್ರತಿ ವರ್ಷ ಹೊಸ ಮಕ್ಕಳು ಬರುತ್ತಾರೆ, ಅವರಲ್ಲಿ ನಾಲ್ಕೈದು ಜನಕ್ಕೆ ಅನ್ನ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ, ಮನೆ ಬೇಕು. ಕನ್ನಡದಲ್ಲಿ ಓದಿ ಬಂದವರಿಗೆ ಪಾಠವೂ ತಲೆಗೆ ಹತ್ತುವುದಿಲ್ಲ. ಅಂಥವರಿಗೆ ಧೈರ್ಯ ಹೇಳುವುದು ಅವರಿಗೆ ಬರುತ್ತಿರಲಿಲ್ಲ. ಅವರಿಗೆ ಬರುತ್ತಿದ್ದದ್ದು ಒಂದೇ ಮಾತು. "ಹತ್ತು ನಿಮಿಷ ಕೂತ್ಕ. ಆಮೇಲೆ ಹೋಗಾಣ." ಎಲ್ಲಿಗೆ ಹೋಗುವುದು ಎಂದು ಅವರು ಹೇಳುತ್ತಿರಲಿಲ್ಲ, ಮಕ್ಕಳೂ ಕೇಳುತ್ತಿರಲಿಲ್ಲ. ಹತ್ತು ನಿಮಿಷ ಸುಮ್ಮನೆ ಪಕ್ಕದಲ್ಲಿ ಕೂತು ನಸ್ಯ ಏರಿಸುತ್ತಿದ್ದರು, ಅಷ್ಟೆ.

ಒಬ್ಬ ಹುಡುಗನಂತೂ ಏನು ಮಾಡಿದರೂ ನಿಲ್ಲಲಿಲ್ಲವಂತೆ. ಅವನ ಟ್ರಂಕನ್ನು ಇವರೇ ಹೊತ್ತು ಬಸ್ಸಿಗೆ ಹಾಕಿದರು. "ಹೋದ. ಅದೂ ಸರಿಯೇ. ಎಲ್ಲರೂ ಡಾಕ್ಟ್ರೇ ಆಗ್ಬೇಕು ಅಂತ ಎಂತ ಐತಿ? ಆದ್ರೆ ಕೈಯಲ್ಲಿ ಟ್ರಂಕು ಹಿಡ್ಕಂಡು ಒಬ್ಬನೇ ಹೋಗೋದು ಚಂದ ಅಲ್ಲ ನೋಡು," ಎಂದರು.

ನನ್ನ ತಂಗಿಯೂ ಮಾರನೇ ದಿನ ಹೊರಡಲು ಬಟ್ಟೆ ಕಟ್ಟಿಟ್ಟಿದ್ದಳು. ಮೊದಲ ಪರೀಕ್ಷೆಯಲ್ಲಿ ಫೇಲಾಗಿದ್ದಳು. ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಇವರು ಅವಳಿಗೆ ಹೋಗಬೇಡ ಎಂದು ಹೇಳಲಿಲ್ಲ. "ಹೋಗುವಿಯಂತೆ. ನಾಳೆ ಬೆಳಿಗ್ಗೆ ನಂಗೊಂದು ಕೆಲಸ ಮಾಡಿ ಕೊಟ್ಟು ಹೋಗು" ಎಂದರು. ಬೆಳಿಗ್ಗೆ ಅವಳ ಮುಂದೆ ಒಂದು ಬಟ್ಟೆಯ ಚೀಲ ಸುರುವಿದರು. ಮಣಿಕಟ್ಟಿನ ಮೂಳೆಗಳು. ಒಂದು ಕೈಗೆ ಎಂಟು, ಸಣ್ಣ ಕಲ್ಲಿನ ಹರಳಿನ ಹಾಗೆ. ಎಷ್ಟೋ ಕೈಗಳ ಮೂಳೆ ಕಲಸಿಹೋಗಿತ್ತು. ಎಡಗೈದು ಎಡಕ್ಕೆ, ಬಲಗೈದು ಬಲಕ್ಕೆ ಮಾಡಬೇಕು.

"ಇಂಗ್ಲಿಷ್ ಹೆಸರು ಆಮೇಲೆ ಬರ್ತದೆ. ಇದು ದೋಣಿ, ಇದು ಅರ್ಧ ಚಂದ್ರ, ಇದು ಬಟಾಣಿ, ಇದಕ್ಕೆ ಕೊಕ್ಕೆ ಐತಿ ನೋಡು, ಹಣ್ಣು ಕೀಳೋ ದೋಟಿಗೆ ಇರ್ತದಲ್ಲ, ಹಂಗೆ. ಕೊಕ್ಕೆ ಯಾವ ಕಡೆ ತಿರುಗೈತಿ ನೋಡಿ ಎಡ ಬಲ ಹೇಳು, ಅಂದೆ. ಮಧ್ಯಾಹ್ನದವರೆಗೂ ಕೂತ್ಲು. ಮೂಳೆ ಆರಿಸ್ತಾ ಅಳೋಕೆ ಆಗೋದಿಲ್ಲ ಮಾರಾಯ. ಕಣ್ಣು ಮಂಜಾದ್ರೆ ಎಡ ಬಲ ತಪ್ಪಿಹೋಗ್ತದೆ."

ಸಂಜೆ ಅವಳಿಲ್ಲದಾಗ ಆರಿಸಿದ್ದನ್ನೆಲ್ಲ ಮತ್ತೆ ಅದೇ ಚೀಲಕ್ಕೆ ಹಾಕಿ ಕುಲುಕುತ್ತಿದ್ದರಂತೆ. ಮಾರನೇ ದಿನ ಅದೇ ಕೆಲಸ. ಅವಳಿಗೆ ಗೊತ್ತಾಗಲಿಲ್ಲವೇ ಎಂದು ಕೇಳಿದೆ. "ಮೂರನೇ ದಿನಕ್ಕೇ ಗೊತ್ತಾಯ್ತು. ಆದ್ರೂ ಕೂತ್ಲು," ಎಂದರು. ವರ್ಷದ ಕೊನೆಗೆ ಅವಳು ಪಾಸಾದಳು. ಮನೆಗೆ ಫೋನು ಮಾಡಿ "ಪಾಸಾದೆ" ಎಂದಷ್ಟೇ ಹೇಳಿ ಇಟ್ಟಿದ್ದು ನನಗೆ ನೆನಪಿದೆ.

ಮತ್ತೊಂದು ವಿಷಯವೂ ಅವರ ಮನೆಯಲ್ಲೇ ಗೊತ್ತಾಯಿತು. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಭಾನುವಾರ ಮನೆಯವರು ಬಂದು ನೋಡಿ ಹೋಗಬಹುದು. ಬಾಗಿಲಲ್ಲಿ ಒಂದು ರಿಜಿಸ್ಟರ್. ಬಂದವರ ಹೆಸರು, ಯಾರನ್ನು ನೋಡಲು, ಏನು ಸಂಬಂಧ. ಆ ವರ್ಷವೆಲ್ಲ ಭಾನುವಾರ ಮಧ್ಯಾಹ್ನ ಇವರು ಒಗೆದ ಅಂಗಿ ಹಾಕಿಕೊಂಡು, ಔಷಧಿಯ ವಾಸನೆ ಹೋಗಲೆಂದು ಕೈಗೆ ಹುಣಸೆಹಣ್ಣು ತಿಕ್ಕಿ ತೊಳೆದುಕೊಂಡು, ಹೆಂಡತಿಯನ್ನೂ ಕರೆದುಕೊಂಡು ಅಲ್ಲಿಗೆ ಹೋಗಿ ಅರ್ಧ ಗಂಟೆ ಕೂತು ಬರುತ್ತಿದ್ದರು. ಸಂಬಂಧ ಎಂಬಲ್ಲಿ ಏನು ಬರೆಯುವುದು? ಮೊದಲ ವಾರ ಬಹಳ ಹೊತ್ತು ಯೋಚನೆ ಮಾಡಿ, ಊರಿನವರು ಎಂದು ಬರೆದರಂತೆ. ಹಾಸ್ಟೆಲಿನ ಮೇಡಂ ತಕರಾರು ಮಾಡಿದರಂತೆ, ಊರಿನವರು ಅಂದರೆ ಯಾವ ಸಂಬಂಧ ಅಂತ.

"ನಿಮಗೆ ಅಷ್ಟು ದೂರದ ಊರು ಇದ್ದಿದ್ರೆ ಗೊತ್ತಾಗೋದು ಮೇಡಂ, ಅಂದೆ. ಬಿಟ್ರು."

ಇದನ್ನು ಹೇಳುವಾಗ ಅವರ ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದರು. "ಪಾಪ, ಆ ಹುಡುಗಿ ನಾನು ಒಯ್ದ ಕಡುಬು ತಿಂದು, ನಮ್ಮನೇಲಿ ರೊಟ್ಟಿ ಮಾಡ್ತಾರೆ ಅಂತ ಹೇಳ್ತಿತ್ತು. ನಂಗೆ ರೊಟ್ಟಿ ಬಡಿಯಾಕೆ ಬರಾದಿಲ್ಲ," ಎಂದರು.

ನನ್ನ ಕೈಯಲ್ಲಿದ್ದ ಲೋಟ ಕೆಳಗಿಟ್ಟೆ.

ನಾನು ಯಾಕೆ ಹೋಗಲಿಲ್ಲ ಎಂಬುದನ್ನು ಈಗ ಹೇಳಬೇಕು. ದನ ಕಟ್ಟುವವರಿಗೆ ಒಂದು ರೂಢಿಯಿದೆ. ಕರುವಿಗೆ ಹಾಲು ಬಿಡಿಸುವಾಗ ತಾಯಿಯ ಹತ್ತಿರ ಕಟ್ಟುವುದಿಲ್ಲ. ಬೇರೆ ಕೇರಿಯಲ್ಲಿ, ತಾಯಿಯ ಕೂಗು ಕರುವಿಗೂ ಕರುವಿನ ಕೂಗು ತಾಯಿಗೂ ಕೇಳದ ಕಡೆ ಕಟ್ಟುತ್ತೇವೆ. ನಾಲ್ಕು ದಿನ ಒರಲುತ್ತದೆ. ಐದನೇ ದಿನ ಮೇವಿಗೆ ಬಾಯಿ ಹಾಕುತ್ತದೆ. ನಡುವೆ ಒಂದು ಸಲ ಕರುಣೆಯಿಂದ ತಾಯಿಯ ಹತ್ತಿರ ಬಿಟ್ಟರೆ ಕೆಟ್ಟಿತು, ಮತ್ತೆ ಮೊದಲಿನಿಂದ ಶುರು. ಆ ದಿನಗಳಲ್ಲಿ ನಾನು ಒಂದು ಕರುವಿಗೆ ಹಾಲು ಬಿಡಿಸುತ್ತಿದ್ದೆ. ಅದೇ ದಿನಗಳಲ್ಲಿ ತಂಗಿ ದಿನಕ್ಕೆ ಎರಡು ಸಲ ಫೋನು ಮಾಡಿ ಅಳುತ್ತಿದ್ದಳು. ಕೊನೆಯ ಸಲ ಮಾಡಿದಾಗ ಅಳಲಿಲ್ಲ. "ಕರ್ಕೊಂಡು ಹೋಗು ಅಂತ ಹೇಳ್ತಿಲ್ಲ ಅಣ್ಣ. ಬಂದು ಒಂದೀಟು ಕೂತು ಹೋಗು. ಸಾಕು," ಎಂದಳು.

ನಾನು ಹೊರಟೆ. ಅವ್ವ ಕತ್ತಲಲ್ಲೇ ಎದ್ದು ರೊಟ್ಟಿ ಬಡಿದು, ಶೇಂಗಾ ಚಟ್ನಿ ಕಟ್ಟಿ ಕೊಟ್ಟಳು. ಶಿಕಾರಿಪುರದ ಬಸ್ ಸ್ಟ್ಯಾಂಡಿಗೆ ಬಂದೆ. ಬಸ್ಸು ಬಂತು. ಜನ ಹತ್ತಿದರು. ನಾನು ಗಂಟು ಹಿಡಿದು ನಿಂತೇ ಇದ್ದೆ. ಬಸ್ಸು ಹೋಯಿತು. ಕರುವನ್ನು ನಡುವೆ ತಾಯಿಯ ಹತ್ತಿರ ಬಿಡಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಎಪಿಎಂಸಿ ಯಾರ್ಡಿಗೆ ಹೋಗಿ ಮೂಟೆಗಳ ಮರೆಯಲ್ಲಿ ಕೂತೆ. ಮಧ್ಯಾಹ್ನ ಹಸಿವಾಯಿತು. ಆ ರೊಟ್ಟಿಯನ್ನು ನಾನೇ ತಿಂದೆ. ಎಲ್ಲ ತಿನ್ನಲು ಆಗಲಿಲ್ಲ. ಉಳಿದದ್ದನ್ನು ಅಲ್ಲಿ ನಿಂತಿದ್ದ ಎತ್ತಿಗೆ ಹಾಕಿದೆ. ರಾತ್ರಿ ಮನೆಗೆ ಹೋದಾಗ ಅವ್ವ ಕೇಳಿದಳು.

"ಹೆಂಗದಾಳೋ?"

"ಚಲೋ ಅದಾಳೆ."

"ರೊಟ್ಟಿ ತಿಂದ್ಲಾ?"

"ತಿಂದ್ಲು."

ಆಗ ಮನೆಯಲ್ಲಿದ್ದದ್ದು ಒಂದೇ ಫೋನು, ನನ್ನದು. ಕೆಟ್ಟಿದೆ ಎಂದು ಅವ್ವನಿಗೆ ಹೇಳಿ ಹತ್ತೊಂಬತ್ತು ದಿನ ಬಂದ್ ಮಾಡಿ ಇಟ್ಟೆ. ಮತ್ತೆ ಹಾಕಿದ ಮೇಲೆ ಅವಳಿಂದ ಫೋನು ಬರಲು ಒಂದು ವಾರ ಹಿಡಿಯಿತು. ಬಂದಾಗ ಅವಳು ಅಳಲಿಲ್ಲ. ಬಾ ಎನ್ನಲಿಲ್ಲ. ಎಲ್ಲರೂ ಆರಾಮಾ ಎಂದು ಕೇಳಿ ಇಟ್ಟಳು. ಆವತ್ತು ನನಗೆ ಸಮಾಧಾನವಾಯಿತು, ಅದನ್ನೂ ಬಚ್ಚಿಡುವುದಿಲ್ಲ. ಮೇವಿಗೆ ಬಾಯಿ ಹಾಕಿದಳು ಎಂದುಕೊಂಡೆ. ಅದಾದ ಮೇಲೆ ಅವಳು ನಮ್ಮಿಂದ ಏನನ್ನೂ ಕೇಳಿಲ್ಲ. ಪದವಿ ಕೊಡುವ ದಿನ ಕೂಡ ಬನ್ನಿ ಎಂದು ಕರೆಯಲಿಲ್ಲ. ಹಬ್ಬಕ್ಕೆ ಬರುತ್ತಾಳೆ, ಅವ್ವನ ಬಿ.ಪಿ. ನೋಡುತ್ತಾಳೆ, ಮಾರನೇ ದಿನ ಹೋಗುತ್ತಾಳೆ. ಕರು ಹಾಲು ಸರಿಯಾಗಿಯೇ ಬಿಟ್ಟಿತು.

ಕರುವಿನ ಮಾತೂ ಪೂರ್ತಿ ನಿಜವಲ್ಲ. ನನಗೆ ಹೆದರಿಕೆಯಾಗಿತ್ತು. ಆ ಗೇಟು, ಆ ಇಂಗ್ಲಿಷು, ಸಗಣಿ ವಾಸನೆಯ ನನ್ನ ಮೈ. ಅದಕ್ಕಿಂತ ಹೆಚ್ಚಾಗಿ, ಅವಳು ನನ್ನ ಮುಂದೆ ಅತ್ತರೆ ನಾನು ಕರೆದುಕೊಂಡೇ ಬಂದುಬಿಡುತ್ತಿದ್ದೆ. ಬಂದರೆ, ನಾನು ಶಾಲೆ ಬಿಟ್ಟಿದ್ದು ಯಾತಕ್ಕೆ? ಅವಳ ಓದು ಅವಳದಷ್ಟೇ ಅಲ್ಲ, ನನ್ನದೂ ಹೌದು ಎಂದು ಒಳಗೆ ಇಟ್ಟುಕೊಂಡಿದ್ದೆ.

ಆ ವರ್ಷದ ದೀಪಾವಳಿಗೆ ಅವಳು ಬಂದಾಗ ಅವ್ವ ರೊಟ್ಟಿ ಬಡಿಯುತ್ತಾ ಕೇಳಿಯೇಬಿಟ್ಟಳು. "ಆವತ್ತು ಅಣ್ಣನ ಕೈಲಿ ಕಳಿಸಿದ್ನಲ್ಲ, ಮೆತ್ತಗಾಗಿ ಹೋಗಿದ್ವೇನೆ?"

ನಾನು ಬಾಗಿಲಲ್ಲಿ ಹಾಲಿನ ಕ್ಯಾನು ಹಿಡಿದು ನಿಂತಿದ್ದೆ. ತಂಗಿ ನನ್ನ ಮುಖ ನೋಡಿದಳು. ಸಿಟ್ಟಿನಿಂದ ಅಲ್ಲ. ದಣಿದವರು ದಾರಿಯ ಕಡೆ ನೋಡುವ ಹಾಗೆ ನೋಡಿದಳು. "ಇಲ್ಲವ್ವ, ಚೆನ್ನಾಗಿದ್ವು," ಎಂದಳು.

ಅದರ ನಂತರ ನಮ್ಮಿಬ್ಬರ ನಡುವೆ ಆ ಮಾತು ಬರಲಿಲ್ಲ. ಅವಳು ಕೇಳಿದ್ದರೆ ಏನಾದರೂ ಹೇಳುತ್ತಿದ್ದೆನೋ ಏನೋ. ಕೇಳಲಿಲ್ಲ.

ಸೊರಬದ ಆ ಜಗುಲಿಯಲ್ಲಿ ರಿಜಿಸ್ಟರಿನ ಕತೆ ಕೇಳಿದ ದಿನ ನನಗೆ ಮುಂದಿನದನ್ನು ಸುಮ್ಮನೆ ಕೇಳಿಸಿಕೊಂಡು ಕೂರಲು ಆಗಲಿಲ್ಲ. ಸುತ್ತು ಹಾಕಿಯೇ ಕೇಳಿದೆ.

"ಆ ಹುಡುಗಿ ಅಣ್ಣ ಈಗ ನಿಮ್ಮ ಕಣ್ಣಿಗೆ ಬಿದ್ರೆ ಏನಂತೀರಿ ಯಜಮಾನ್ರೇ?"

ಅವರು ನಸ್ಯದ ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಹೇಳಿದರು. "ಚಾ ಕುಡಿ ಅಂತೀನಿ. ಆರಿ ಹೋಗ್ತದೆ."

ಲೋಟ ನನ್ನ ಮುಂದೆಯೇ ಇತ್ತು. ನಾನು ತಲೆ ತಗ್ಗಿಸಿದೆ. ಎಷ್ಟು ದಿನದಿಂದ ಗೊತ್ತು ಎಂದು ಕೇಳಿದೆ.

"ಮೊದಲನೇ ದಿನದಿಂದ. ಮೂವತ್ತು ವರ್ಷ ಕೈ ನೋಡಿದೀನಿ ಮಾರಾಯ. ಅವಳ ಹೆಬ್ಬೆರಳು ಹಿಂದಕ್ಕೆ ಬಾಗ್ತದೆ, ನಿಂದೂ ಹಂಗೇ. ಮಾತ್ರೆ ಕೊಡುವಾಗಲೇ ಕಂಡೆ."

"ಬೈಯಲಿಲ್ಲ ನೀವು."

"ನಾನೆಂತಕ್ಕೆ ಬೈಲಿ?"

ಆಮೇಲೆ ನಾನು ಎಲ್ಲವನ್ನೂ ಹೇಳಿದೆ. ಬಸ್ ಸ್ಟ್ಯಾಂಡು, ರೊಟ್ಟಿ, ಫೋನು, ಕರು. ಮುಗಿದ ಮೇಲೆ ತಪ್ಪಾಯಿತು ಎಂದು ಹೇಳಲು ಬಾಯಿ ತೆಗೆದೆ. ಅವರು ಚಮಚ ಹಿಡಿಯುವ ಆ ಕೈಯನ್ನು ಅಡ್ಡ ಹಿಡಿದರು.

"ನನ್ನ ಹತ್ರ ಹೇಳಿ ಎಂತ ಉಪಯೋಗ? ಕಾದೋಳು ಅವಳು. ಅವಳ ಹತ್ರ ಹೇಳು. ಫೋನಲ್ಲಿ ಬೇಡ, ಎದುರಿಗೆ ಹೋಗಿ ಹೇಳು. ಆ ಬೆಂಚು ಇನ್ನೂ ಅಲ್ಲೇ ಐತಿ."

ಹೋಗುತ್ತೇನೆ ಎಂದೆ. ಹೋಗಲಿಲ್ಲ. ಎರಡು ವರ್ಷ. ಒಂದು ಸಲ ಹಸು ಈಯುವುದಿತ್ತು. ಒಂದು ಸಲ ಗಾಡಿ ರಿಪೇರಿಗೆ ಬಂತು. ಆಮೇಲೆ ಕಾರಣಗಳೂ ಬೇಕಾಗಲಿಲ್ಲ. ನಾನು ಹೋದಾಗಲೆಲ್ಲ ಅವರು ಒಮ್ಮೆ ನನ್ನ ಕಡೆ ನೋಡುತ್ತಿದ್ದರು, ನಾನು ಅವರ ಕಾಲಿನ ಬಾವು ನೋಡುತ್ತಿದ್ದೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ. ಚಾ ಮಾತ್ರ ತಪ್ಪಲಿಲ್ಲ.

ಅವರು ಹೋದದ್ದು ಒಂದು ಬೆಳಿಗ್ಗೆ, ಮುಖ ತೊಳೆದು ಬಂದು ಜಗುಲಿಯಲ್ಲಿ ಕೂತವರು ಕೂತ ಹಾಗೆ. ನಾನು ಹಾಲು ಕರೆಯುತ್ತಿದ್ದೆ. ತಂಗಿಯ ಫೋನು ಬಂತು. ಎತ್ತಿದೆ.

"ಅಣ್ಣ, ದೊಡ್ಡಪ್ಪ ಹೋದ್ರು. ದೇಹ ಕಾಲೇಜಿಗೆ ಕೊಡಬೇಕು ಅಂತ ಬರೆದಿಟ್ಟಿದಾರೆ. ದೊಡ್ಡಮ್ಮ ಒಬ್ರೇ ಇದಾರೆ, ಮಕ್ಕಳಿಲ್ಲ. ಕಾಗದಪತ್ರ, ಆಂಬ್ಯುಲೆನ್ಸು ಎಲ್ಲ ಇಲ್ಲಿಂದ ನಾನು ನೋಡ್ಕೋತೀನಿ. ಜೊತೆಗೆ ಒಬ್ರು ಬರಬೇಕು." ಆಮೇಲೆ ಸೇರಿಸಿದಳು. "ನಿನಗೆ ಆಗದಿದ್ರೆ ಬೇರೆ ಯಾರನ್ನಾದ್ರೂ ಕೇಳ್ತೀನಿ."

"ಬರ್ತೀನಿ," ಎಂದೆ. ಅವಳು ಆ ಮಾತನ್ನು ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಫೋನು ಇಟ್ಟಳು. ಕೈ ತೊಳೆದು ಗಾಡಿ ಹತ್ತಿದೆ.

ಹಳ್ಳಿಯವರಲ್ಲಿ ಕೆಲವರಿಗೆ ಅದು ಸರಿ ಕಾಣಲಿಲ್ಲ. ಮಣ್ಣೂ ಇಲ್ಲ ಬೆಂಕಿಯೂ ಇಲ್ಲ, ಇದೆಂಥಾ ಸಾವು ಎಂದರು. ಅವರ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು, "ಜೀವಮಾನ ಎಲ್ಲ ಅಲ್ಲೇ ಇದ್ದೋರು. ಅಲ್ಲಿಗೇ ಹೋಗ್ಲಿ," ಎಂದರು. ಅಂಗಿಯ ಮೇಲಿನ ಗುಂಡಿ ತಾವೇ ಹಾಕಿದರು. ಚಮಚವನ್ನು ಅವರ ಜೇಬಿಗೆ ಇಟ್ಟು, ಆಂಬ್ಯುಲೆನ್ಸು ಹೊರಡುವ ಮುಂಚೆ ಮತ್ತೆ ತೆಗೆದು ತಮ್ಮ ಸೆರಗಿಗೆ ಕಟ್ಟಿಕೊಂಡರು.

ಆಯಮ್ಮ ಡ್ರೈವರ್ ಪಕ್ಕ ಕೂತರು. ನಾನು ಹಿಂದೆ, ಅವರ ಜೊತೆ. ಸೊರಬ ದಾಟಿತು, ಶಿಕಾರಿಪುರ ಬಂತು. ಬಸ್ ಸ್ಟ್ಯಾಂಡಿನ ಮುಂದೆ ಒಂದು ಬಸ್ಸು ಅಡ್ಡ ನಿಂತು ನಮ್ಮ ಗಾಡಿ ಸ್ವಲ್ಪ ಹೊತ್ತು ನಿಲ್ಲಬೇಕಾಯಿತು. ಗಾಜಿನಿಂದ ಹೊರಗೆ ನೋಡಿದೆ. ಗಂಟು ಮೂಟೆ ಹಿಡಿದ ಜನ ಬಸ್ಸು ಹತ್ತುತ್ತಿದ್ದರು. ಐದಾರು ಗಂಟೆಯ ದಾರಿಯಲ್ಲಿ ನಾನು ಅವರಿಗೆ ಏನೋ ಹೇಳಬೇಕು ಎಂದುಕೊಂಡಿದ್ದೆ. ತಿರುವುಗಳಲ್ಲಿ ಅವರು ಅಲುಗದ ಹಾಗೆ ಹಿಡಿದುಕೊಂಡು ಕೂತೆ, ಅಷ್ಟೇ.

ಗೇಟಿನಲ್ಲಿ ತಂಗಿ ನಿಂತಿದ್ದಳು. ಬಾಗಿಲು ತೆಗೆದಾಗ ಮೊದಲು ಅವರ ಮುಖ ನೋಡಿದಳು, ಆಮೇಲೆ ನನ್ನ ಮುಖ. ಒಳಗೆ ಆ ಹಾಲ್ ಬಾಗಿಲಲ್ಲಿ ಈಗಿನ ಅಟೆಂಡರ್ ಕೈ ಕಟ್ಟಿಕೊಂಡು ನಿಂತಿದ್ದ. ಅವರ ಕೈಕೆಳಗೆ ಕೆಲಸ ಕಲಿತವನಂತೆ. ಸ್ಟ್ರೆ‌ಚರ್ ಹತ್ತಿರ ಬಂದಾಗ, "ಬನ್ನಿ ಹಿರಿಯರೆ," ಎಂದು ಹೇಳಿ ಬಾಗಿಲು ತೆಗೆದ.

ಆಫೀಸಿನಲ್ಲಿ ಒಂದು ರಿಜಿಸ್ಟರ್ ಮುಂದಿಟ್ಟರು. ಅವರ ಹೆಂಡತಿ ಸಹಿ ಹಾಕಿದರು. ಕೆಳಗೆ ಜೊತೆಗೆ ಬಂದವರ ಹೆಸರು, ಊರು, ಸಂಬಂಧ. ಹೆಸರು ಬರೆದೆ, ಊರು ಬರೆದೆ. ಸಂಬಂಧ ಎಂಬಲ್ಲಿ ಪೆನ್ನು ನಿಂತಿತು. ಗುಮಾಸ್ತರು, "ಏನಾದ್ರೂ ಬರೀರಿ," ಎಂದರು. ಊರಿನವರು ಎಂದು ಬರೆದೆ. ತಂಗಿ ನನ್ನ ಹಿಂದೆ ನಿಂತು ಓದಿದ್ದು ನನಗೆ ಗೊತ್ತಾಯಿತು. ಅವಳ ಉಸಿರು ಕೇಳಿಸಿತು.

ದೊಡ್ಡಮ್ಮನನ್ನು ಅವಳು ತನ್ನ ಮನೆಗೆ ಕಳಿಸಿಕೊಟ್ಟಳು. ನಾವಿಬ್ಬರೇ ಹೊರಗೆ ಬಂದೆವು. ಸಂಜೆಯಾಗುತ್ತಿತ್ತು. ಗೇಟಿನ ಹತ್ತಿರ ಬೆಂಚು ಇತ್ತು. ಒಂದು ತುದಿ ಮುರಿದಿತ್ತು.

"ಬಾ ಅಣ್ಣ, ಕ್ಯಾಂಟೀನಿಗೆ ಹೋಗಾಣ. ಬೆಳಗಿಂದ ಏನೂ ತಿಂದಿಲ್ಲ ನೀನು."

"ಹತ್ತು ನಿಮಿಷ ಕೂತ್ಕ," ಎಂದೆ. "ಆಮೇಲೆ ಹೋಗಾಣ."

ಅದು ಯಾರ ಮಾತು ಎಂದು ಅವಳಿಗೆ ಗೊತ್ತು. ನಿಂತು ನನ್ನನ್ನು ನೋಡಿದಳು. ಕೂತಳು. ನಾನೂ ಮುರಿದ ತುದಿಯ ಕಡೆ ಕೂತೆ. ಒಳಗೆ ಬರುವವರು, ಹೊರಗೆ ಹೋಗುವವರು ನಮ್ಮ ಮುಂದೆ ಹಾದು ಹೋಗುತ್ತಿದ್ದರು. ಇಲ್ಲಿ ಕೂತರೆ ರಸ್ತೆ ತುದಿಯವರೆಗೂ ಕಾಣುತ್ತದೆ. ಬರುವವರು ದೂರದಿಂದಲೇ ಕಾಣುತ್ತಾರೆ.

"ಇಲ್ಲೇ ಅಲ್ವಾ?" ಎಂದೆ.

"ಹೂಂ. ಇಲ್ಲೇ."

"ಆವತ್ತು ಬಸ್ ಸ್ಟ್ಯಾಂಡಿನವರೆಗೂ ಬಂದಿದ್ದೆ. ಬಸ್ಸೂ ಬಂತು. ಹತ್ತಲಿಲ್ಲ. ಹೆದರಿಕೆ ಆತು. ಅವ್ವ ನಿನಗೆ ಅಂತ ಕೊಟ್ಟ ರೊಟ್ಟಿ ನಾನೇ ತಿಂದೆ. ಫೋನು ಕೆಟ್ಟಿರಲಿಲ್ಲ, ನಾನೇ ಬಂದ್ ಮಾಡಿದ್ದೆ. ನೀನು ಅವ್ವನ ಮುಂದೆ ನನ್ನ ಮಾನ ಉಳಿಸಿದೆ, ನಾನು ಇಷ್ಟು ವರ್ಷ ಬಾಯಿ ಬಿಡಲಿಲ್ಲ. ಅವ್ವಂಗೂ ಹೋಗಿ ಹೇಳ್ತೀನಿ. ನೀನು ಕೂತು ಹೋಗು ಅಂದಿದ್ದೆ, ಅಷ್ಟೇ ಕೇಳಿದ್ದು ನೀನು. ನಾನು ಬರಲಿಲ್ಲ. ತಪ್ಪಾತು ತಂಗೀ."